ಕಂಕುಳ ಕೂಸಿನಿಂದ ಮೂರು ವರ್ಷದ ಪುಟಾಣಿವರೆಗೆ: ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಚಿಕ್ಕ ಮಕ್ಕಳನ್ನು ಕರೆದೊಯ್ಯುವ ಸಮಗ್ರ ಮಾರ್ಗದರ್ಶಿ

ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತು ಸಂಗ್ರಹಾಲಯಕ್ಕೆ ಬರುವ ಎಷ್ಟೋ ಕುಟುಂಬಗಳ ಕೈಯಲ್ಲಿ ಒಂದು ಕೂಸು ಇದ್ದೇ ಇರುತ್ತದೆ. ಹೆಚ್ಚಿನ ಸಲ ಎಲ್ಲರೂ ಹೊರಟಿರುವುದು ದೊಡ್ಡ ಮಗುವಿಗಾಗಿ. ಚಿಕ್ಕದನ್ನು ಮನೆಯಲ್ಲಿ ಬಿಡಲಾಗದೆ ಜೊತೆಗೆ ತಂದಿರುತ್ತಾರೆ. ಮೂರನೇ ಮಹಡಿಯ ಹೊತ್ತಿಗೆ ಅದು ಚೀರಾಡತೊಡಗುತ್ತದೆ, ಅಮ್ಮ ಮೆಟ್ಟಿಲ ಮೇಲೆ ಕೂತು ಸಮಾಧಾನ ಮಾಡುತ್ತಿರುತ್ತಾರೆ, ಅಪ್ಪ ದೊಡ್ಡದನ್ನು ಎಳೆದುಕೊಂಡು ಉಳಿದದ್ದನ್ನೆಲ್ಲ ಓಡಿ ಓಡಿ ತೋರಿಸುತ್ತಿರುತ್ತಾರೆ. ಕೊನೆಗೆ ಯಾರೂ ಏನನ್ನೂ ಸರಿಯಾಗಿ ನೋಡಿರುವುದಿಲ್ಲ.

ಇದು ಮಗುವಿನ ತಪ್ಪಲ್ಲ. 1962ರಲ್ಲಿ ನೆಹರೂ ಉದ್ಘಾಟಿಸಿದ ಈ ಕಟ್ಟಡ ಶಾಲೆಗೆ ಹೋಗುವ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಬೆಳೆದದ್ದು. ಒತ್ತುವ ಗುಂಡಿಗಳ ಎತ್ತರ, ಫಲಕಗಳ ಮಾತು, ಪ್ರಾತ್ಯಕ್ಷಿಕೆಗಳ ಉದ್ದ ಎಲ್ಲವೂ ಓದು ಬರಹ ಬಲ್ಲವರಿಗೆ ಹೊಂದುವಂಥವು. ಹಾಗೆಂದು ಮೂರು ವರ್ಷದೊಳಗಿನವರಿಗೆ ಇಲ್ಲಿ ಏನೂ ಇಲ್ಲ ಎಂದಲ್ಲ. ತಿರುಗುವ ಚಕ್ರ, ಉರುಳುವ ವಸ್ತು, ಹೊಳೆಯುವ ದೀಪ, ಬೃಹತ್ ಎಂಜಿನ್ಗಳಿವೆ. ಅಷ್ಟು ವಯಸ್ಸಿನ ಮಗುವಿಗೆ ಬೇಕಾದದ್ದೂ ಅದೇ. ಆದರೆ ಭೇಟಿಯನ್ನು ಮಗುವಿನ ಅಳತೆಗೆ ಕತ್ತರಿಸಿಕೊಳ್ಳುವ ಕೆಲಸ ನಿಮ್ಮದು. ಒಂದೂವರೆ ಗಂಟೆ, ಮೂರೇ ಮೂರು ಸಂಗತಿ, ಮಗು ದಣಿಯುವ ಮೊದಲೇ ಹೊರಗೆ. ಈ ಲೆಕ್ಕ ಇಟ್ಟುಕೊಂಡು ಮುಂದಿನದನ್ನು ಓದಿ.

ಮೊದಲು ವಯಸ್ಸಿನ ಲೆಕ್ಕ

ಆರು ತಿಂಗಳೊಳಗಿನ ಕೂಸಿಗೆ ಮ್ಯೂಸಿಯಂ ಎಂದರೆ ಬೆಳಕು, ನೆರಳು ಮತ್ತು ಹೊತ್ತವರ ಎದೆಬಡಿತ. ಹುಟ್ಟಿದ ಹೊಸತರಲ್ಲಿ 20ರಿಂದ 30 ಸೆಂಟಿಮೀಟರ್ ದೂರದ್ದಷ್ಟೇ ಅದಕ್ಕೆ ಸ್ಪಷ್ಟವಾಗಿ ಕಾಣುವುದು, ಅಂದರೆ ಹಾಲುಣಿಸುವಾಗ ಅಮ್ಮನ ಮುಖ ಇರುವಷ್ಟು ದೂರ. ಈ ವಯಸ್ಸಿನಲ್ಲಿ ಹೋಗುವುದು ದೊಡ್ಡ ಮಗುವಿಗಾಗಿ ಎಂದು ಒಪ್ಪಿಕೊಂಡುಬಿಡಿ. ಕೂಸು ನಿದ್ದೆ ಮಾಡಿದರೆ ಅದೇ ಯಶಸ್ವಿ ಭೇಟಿ.

ಆರರಿಂದ ಹನ್ನೆರಡು ತಿಂಗಳಲ್ಲಿ ಕೈ ಮುಂದಾಗುತ್ತದೆ, ಸಿಕ್ಕಿದ್ದೆಲ್ಲ ಬಾಯಿಗೆ ಹೋಗುತ್ತದೆ. ಅಂಬೆಗಾಲಿಡುವ ಮಗುವನ್ನು ಮ್ಯೂಸಿಯಂ ನೆಲದ ಮೇಲೆ ಬಿಡಬೇಡಿ. ಸಾವಿರಾರು ಚಪ್ಪಲಿ ತುಳಿದ ನೆಲ ಅದು, ಜೊತೆಗೆ ಶಾಲಾ ಮಕ್ಕಳ ಗುಂಪು ಓಡಿ ಬಂದರೆ ನೆಲಮಟ್ಟದಲ್ಲಿರುವ ಮಗು ಅವರಿಗೆ ಕಾಣುವುದೂ ಇಲ್ಲ. ಅಂಬೆಗಾಲಿಗೆ ಪಕ್ಕದ ಕಬ್ಬನ್ ಪಾರ್ಕಿನ ಹುಲ್ಲು ಇದೆ.

ಒಂದರಿಂದ ಎರಡು ವರ್ಷದ ನಡುವೆ ಕಷ್ಟವೂ ಹೆಚ್ಚು, ಸಂತೋಷವೂ ಹೆಚ್ಚು. ನಡೆಯಲು ಬರುತ್ತದೆ, ನಿಲ್ಲಲು ಬರುವುದಿಲ್ಲ. ಒಂದೇ ಗುಂಡಿಯನ್ನು ಇಪ್ಪತ್ತು ಸಲ ಒತ್ತುತ್ತದೆ. ಒತ್ತಲಿ ಬಿಡಿ. ಎರಡರಿಂದ ಮೂರರ ಮಗು ಹೆಸರು ಕೇಳುತ್ತದೆ, ಇನ್ನೊಂದು ಮಗು ಮಾಡುವುದನ್ನು ನೋಡಿ ತಾನೂ ಮಾಡುತ್ತದೆ. ಹೆದರಿಕೆ ಬಲವಾಗುವ ವಯಸ್ಸೂ ಇದೇ. ಗೊಂಬೆಗೂ ನಿಜಕ್ಕೂ ನಡುವಿನ ಗೆರೆ ಅದಕ್ಕೆ ಇನ್ನೂ ಮೂಡಿರುವುದಿಲ್ಲ.

ದಿನ ಮತ್ತು ಹೊತ್ತು

ಮ್ಯೂಸಿಯಂ ಬೆಳಿಗ್ಗೆ 9:30ಕ್ಕೆ ತೆರೆದು ಸಂಜೆ 6ಕ್ಕೆ ಮುಚ್ಚುತ್ತದೆ. ಗಣೇಶ ಚತುರ್ಥಿ ಮತ್ತು ದೀಪಾವಳಿಯಂದು ರಜೆ. ಟಿಕೆಟ್ ದರ ಆಗಾಗ ಪರಿಷ್ಕರಣೆಯಾಗುವುದರಿಂದ ಹಿಂದಿನ ದಿನವೇ ಜಾಲತಾಣದಲ್ಲಿ ನೋಡಿಕೊಳ್ಳಿ.

ಮಂಗಳವಾರದಿಂದ ಗುರುವಾರದೊಳಗೆ ಯಾವ ದಿನವಾದರೂ ಬೆಳಿಗ್ಗೆ 9:30ಕ್ಕೆ ಬಾಗಿಲಲ್ಲಿರುವುದು ಎಲ್ಲಕ್ಕಿಂತ ಒಳ್ಳೆಯದು. ಶಾಲಾ ಬಸ್ಸುಗಳು ಬಂದು, ಮಕ್ಕಳು ಸಾಲುಗಟ್ಟಿ ಒಳಗೆ ಬರುವ ಹೊತ್ತಿಗೆ ಹತ್ತೂವರೆ ದಾಟಿರುತ್ತದೆ. ಅಷ್ಟರಲ್ಲಿ ನಿಮಗೆ ಒಂದು ತಾಸು ಶಾಂತ ಸಮಯ ಸಿಕ್ಕಿರುತ್ತದೆ. ನವೆಂಬರ್‌ನಿಂದ ಜನವರಿವರೆಗೆ ಶೈಕ್ಷಣಿಕ ಪ್ರವಾಸದ ಕಾಲ. ಹಾಸನ, ತುಮಕೂರು, ಚಿತ್ರದುರ್ಗದ ಕಡೆಯ ಬಸ್ಸುಗಳೂ ಬರುತ್ತವೆ. ಆ ತಿಂಗಳುಗಳಲ್ಲಿ ಹನ್ನೊಂದರ ಮೇಲೆ ಚಿಕ್ಕ ಮಗುವಿನೊಂದಿಗೆ ಒಳಗಿರುವುದು ಬೇಡ. ಭಾನುವಾರವೇ ಬಿಡುವು ಎನ್ನುವವರೂ ಇದೇ 9:30ರ ನಿಯಮ ಹಿಡಿಯಿರಿ. ಭಾನುವಾರ ಕಬ್ಬನ್ ಪಾರ್ಕಿನೊಳಗೆ ವಾಹನ ಸಂಚಾರ ಇರುವುದಿಲ್ಲ, ಮುಗಿಸಿ ಹೊರಬಂದ ಮೇಲೆ ಮಗುವನ್ನು ಓಡಾಡಲು ಬಿಡುವುದಕ್ಕೆ ಅದು ಅನುಕೂಲ.

ಎಲ್ಲಕ್ಕಿಂತ ಮುಖ್ಯವಾದದ್ದು ನಿದ್ದೆಯ ಲೆಕ್ಕ. ನಾಲ್ಕೈದು ತಿಂಗಳ ಕೂಸು ಸಾಮಾನ್ಯವಾಗಿ ಎರಡು ತಾಸಿಗಿಂತ ಹೆಚ್ಚು ಎಚ್ಚರ ಇರಲಾರದು. ಹತ್ತು ತಿಂಗಳಿಗೆ ಅದು ಮೂರು ತಾಸಿನ ಹತ್ತಿರ ಬರುತ್ತದೆ. ಒಂದೂವರೆ ವರ್ಷ ದಾಟಿದವರಲ್ಲಿ ಹೆಚ್ಚಿನವರು ಮಧ್ಯಾಹ್ನ ಒಂದೇ ನಿದ್ದೆ ಮಾಡುತ್ತಾರೆ. ಮಗು ಏಳಕ್ಕೆ ಎದ್ದು, ಎಂಟೂವರೆಗೆ ಜಯನಗರದಿಂದ ಹೊರಟು, 9:30ಕ್ಕೆ ತಲುಪಿದರೆ ಹತ್ತು ತಿಂಗಳ ಕೂಸಿನ ಎಚ್ಚರದಲ್ಲಿ ಉಳಿದಿರುವುದು ಅರ್ಧ ತಾಸು ಮಾತ್ರ. ಅಂಥ ಮಗು ದಾರಿಯಲ್ಲಿ ಒಂದು ಸಣ್ಣ ನಿದ್ದೆ ತೆಗೆಯುವಂತೆ ಹೊರಡುವ ಹೊತ್ತನ್ನು ಹೊಂದಿಸಬೇಕು. ಎರಡು ವರ್ಷದ ಮಗುವಾದರೆ ಲೆಕ್ಕ ಉಲ್ಟಾ: ದಾರಿಯಲ್ಲಿ ಮಲಗಲು ಬಿಡಬೇಡಿ, ಹನ್ನೊಂದಕ್ಕೆ ಹೊರಬಂದು ಊಟ ಮಾಡಿಸಿ, ವಾಪಸ್ ಬರುವಾಗ ಮಲಗಲಿ.

ಹೋಗುವ ದಾರಿ, ಹೊರುವ ಬಗೆ

ನೇರಳೆ ಮಾರ್ಗದ ಕಬ್ಬನ್ ಪಾರ್ಕ್ ಮೆಟ್ರೊ ನಿಲ್ದಾಣದಲ್ಲಿ ಇಳಿದರೆ ಹದಿನೈದು ನಿಮಿಷದ ನಡಿಗೆ, ಮಗು ನಡೆದರೆ ಅರ್ಧ ಗಂಟೆ. ಮೂರು ಅಡಿಗಿಂತ ಗಿಡ್ಡ ಇರುವ ಮಕ್ಕಳಿಗೆ ಮೆಟ್ರೊ ಟಿಕೆಟ್ ಬೇಡ. ಕಸ್ತೂರಬಾ ರಸ್ತೆಯಲ್ಲಿ ವಾಹನಗಳು ವೇಗವಾಗಿ ಬರುತ್ತವೆ. ಆಟೊದಿಂದ ಇಳಿಯುವುದಾದರೆ ಮ್ಯೂಸಿಯಂ ಇರುವ ಬದಿಯಲ್ಲೇ, ಫುಟ್‌ಪಾತ್ ಕಡೆಯ ಬಾಗಿಲಿನಿಂದ ಇಳಿಯಿರಿ. ಮೊದಲು ದೊಡ್ಡವರೊಬ್ಬರು ಇಳಿದು ನಿಲ್ಲಲಿ, ಆಮೇಲೆ ಮಗು, ಕೊನೆಗೆ ಚೀಲ. ಈ ಕ್ರಮ ತಪ್ಪಿದಾಗಲೇ ಮಗು ಕೈ ಬಿಡಿಸಿಕೊಂಡು ರಸ್ತೆಗೆ ಇಳಿಯುವುದು. ಸ್ಕೂಟರ್‌ನಲ್ಲಿ ಬರುವವರು ಗಮನಿಸಿ: ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಗುವಿಗೆ ಹೆಲ್ಮೆಟ್ ಮತ್ತು ಸವಾರನಿಗೆ ಬಿಗಿಯುವ ಬೆಲ್ಟು ಕಡ್ಡಾಯ, ವೇಗ ಗಂಟೆಗೆ 40 ಕಿಲೋಮೀಟರ್ ದಾಟುವಂತಿಲ್ಲ ಎಂದು 2022ರ ಕೇಂದ್ರ ಮೋಟಾರು ವಾಹನ ನಿಯಮ ಹೇಳುತ್ತದೆ.

ಸ್ಟ್ರೋಲರ್ ಬೇಕೇ? ಬೇಡ ಎನ್ನುವುದೇ ನಮ್ಮ ಅಭಿಪ್ರಾಯ. ಫುಟ್‌ಪಾತಿನ ಏರಿಳಿತ, ಹಲವು ಮಹಡಿ, ಜನರ ಗುಂಪು, ಇವುಗಳ ನಡುವೆ ಅದು ಸಾಮಾನಿನ ಗಾಡಿಯಾಗಿ ಉಳಿಯುತ್ತದೆ. ಎದೆಗೆ ಕಟ್ಟಿಕೊಳ್ಳುವ ಬೇಬಿ ಕ್ಯಾರಿಯರ್ ಅಥವಾ ಗಟ್ಟಿಯಾದ ಹತ್ತಿ ಬಟ್ಟೆ ಒಳ್ಳೆಯದು. ಕಟ್ಟಿದ ಮೇಲೆ ನಾಲ್ಕು ಸಂಗತಿ ಪರೀಕ್ಷಿಸಿ. ಕೂಸಿನ ಮುಖ ನಿಮಗೆ ಸದಾ ಕಾಣುತ್ತಿರಬೇಕು. ತಲೆ ಬಾಗಿಸಿದರೆ ಅದರ ನೆತ್ತಿಗೆ ಮುತ್ತಿಡುವಷ್ಟು ಎತ್ತರದಲ್ಲಿರಬೇಕು. ಗಲ್ಲಕ್ಕೂ ಎದೆಗೂ ನಡುವೆ ನಿಮ್ಮ ಒಂದು ಬೆರಳಾದರೂ ಸಲೀಸಾಗಿ ಹೋಗಬೇಕು. ಬೆನ್ನು ಕುಸಿಯದೆ ಆಸರೆ ಪಡೆದಿರಬೇಕು. ಗಲ್ಲ ಎದೆಗೆ ಒತ್ತಿಕೊಂಡರೆ ಪುಟ್ಟ ಕೂಸಿನ ಉಸಿರಿನ ದಾರಿ ಮಡಚಿಕೊಳ್ಳುತ್ತದೆ, ಅದು ಸದ್ದಿಲ್ಲದೆ ಆಗುವಂಥದ್ದು. ಹಾಗಾಗಿ ನಿದ್ದೆ ಹೋದ ಕೂಸನ್ನು ಆಗಾಗ ಬಗ್ಗಿ ನೋಡುವುದನ್ನು ಮರೆಯಬೇಡಿ. ಮುಖವನ್ನು ಹೊರಕ್ಕೆ ತಿರುಗಿಸಿ ಕಟ್ಟುವುದು ಕತ್ತು ಚೆನ್ನಾಗಿ ನಿಂತ ಮೇಲೆ, ಅದೂ ಎಚ್ಚರವಿದ್ದಾಗ ಮಾತ್ರ. ಸುತ್ತಲಿನ ಗದ್ದಲ ಹೆಚ್ಚಾದರೆ ತಿರುಗಿಸಿ ಎದೆಗೆ ಒರಗಿಸಿಕೊಳ್ಳಿ. ಎಷ್ಟೋ ಅಳು ಅಷ್ಟಕ್ಕೇ ನಿಲ್ಲುತ್ತದೆ.

ಚೀಲದಲ್ಲಿ ಏನು

ಹೋಗಿ ಬರುವ ಹೊತ್ತೂ ಸೇರಿ ಮೂರು ತಾಸಿಗೆ ನಾಲ್ಕು ಡಯಾಪರ್, ಒಂದು ಸಣ್ಣ ಪ್ಯಾಕೆಟ್ ವೈಪ್ಸ್, ಮಡಚುವ ಶೀಟು, ಒಂದು ಜೊತೆ ಬಟ್ಟೆ, ಗಂಟು ಹಾಕಬಹುದಾದ ಎರಡು ಕವರ್, ತೆಳ್ಳನೆಯ ಹತ್ತಿ ಟವಲ್. ನಿಮಗೂ ಒಂದು ಟಿ-ಶರ್ಟ್ ಅಥವಾ ಕುರ್ತಾ ಇರಲಿ. ಕ್ಯಾರಿಯರ್‌ನಲ್ಲಿ ಡಯಾಪರ್ ಸೋರಿದರೆ ಒದ್ದೆಯಾಗುವುದು ಮಗುವಷ್ಟೇ ಅಲ್ಲ. ಬೆನ್ನಿಗೆ ಹಾಕುವ ಚೀಲವೇ ಸರಿ, ಎರಡೂ ಕೈ ಖಾಲಿ ಇರಬೇಕು. ಚೀಲದ ಮೇಲಿನ ಖಾನೆಯಲ್ಲಿ ಒಂದು ಡಯಾಪರ್, ನಾಲ್ಕು ವೈಪ್ಸ್, ಒಂದು ಕವರ್ ಬೇರೆಯಾಗಿ ಕಟ್ಟಿಡಿ. ಶೌಚಾಲಯಕ್ಕೆ ಇಡೀ ಚೀಲ ಹೊತ್ತೊಯ್ಯುವ ಬದಲು ಆ ಕಟ್ಟು ಒಂದೇ ಸಾಕು.

ಆಟಿಕೆ ತರಬೇಡಿ. ಅದು ಅಲ್ಲೇ ಎಲ್ಲೋ ಬೀಳುತ್ತದೆ, ಆಮೇಲಿನ ಅರ್ಧ ಗಂಟೆ ಅದನ್ನು ಹುಡುಕುವುದಕ್ಕೇ ಹೋಗುತ್ತದೆ. ಒಂದು ಸ್ಟೀಲ್ ಚಮಚ ಸಾಕು. ಬಾಯಿಗೆ ಹಾಕಿದರೂ ತೊಂದರೆಯಿಲ್ಲ, ಕುಟ್ಟಿದರೆ ಸದ್ದು ಬರುತ್ತದೆ, ಹೊಳೆಯುತ್ತದೆ.

ಹೊಟ್ಟೆಯ ವ್ಯವಸ್ಥೆ

ಆರು ತಿಂಗಳವರೆಗೆ ಎದೆಹಾಲು ಮಾತ್ರ. ಬಿಸಿಲು ಜೋರಾಗಿದೆಯೆಂದು ಅಜ್ಜಿ ಎರಡು ಚಮಚ ನೀರು ಕುಡಿಸೋಣ ಎಂದರೆ ಬೇಡ ಎಂದು ಸಮಾಧಾನವಾಗಿ ಹೇಳಿ. ಎದೆಹಾಲಿನಲ್ಲೇ ನೀರಿನ ಅಂಶ ಸಾಕಷ್ಟಿದೆ, ಬೇಸಿಗೆಯಲ್ಲಿ ಇನ್ನೊಂದೆರಡು ಸಲ ಹೆಚ್ಚು ಕುಡಿಸಿದರೆ ಆಯಿತು. ಹಾಲುಣಿಸಲು ಪ್ರತ್ಯೇಕ ಜಾಗ ಬೇಕಿದ್ದರೆ ಟಿಕೆಟ್ ಕೌಂಟರ್‌ನಲ್ಲೇ ಕೇಳಿಕೊಳ್ಳಿ. ಒಳಗೆ ಹೋದ ಮೇಲೆ, ಕೂಸು ಅಳುತ್ತಿರುವಾಗ ಹುಡುಕುವುದು ಕಷ್ಟ. ಹಿಂಡಿ ತೆಗೆದ ಹಾಲು ಕೋಣೆಯ ತಾಪದಲ್ಲಿ ನಾಲ್ಕು ತಾಸಿನವರೆಗೆ ಇರುತ್ತದೆ. ಫಾರ್ಮುಲಾ ಹಾಲನ್ನು ಕಲಸಿ ಒಯ್ಯಬೇಡಿ. ಕುದಿಸಿದ ನೀರು ಫ್ಲಾಸ್ಕಿನಲ್ಲಿ, ಅಳೆದ ಪುಡಿ ಒಣ ಡಬ್ಬಿಯಲ್ಲಿ ಬೇರೆ ಬೇರೆ ಇರಲಿ. ಬೇಕಾದಾಗ ಬಿಸಿ ನೀರಿನಲ್ಲಿ ಕಲಸಿ, ಬಾಟಲಿಯನ್ನು ತಣ್ಣೀರಿನಲ್ಲಿ ಹಿಡಿದು ಆರಿಸಿ, ಮಣಿಕಟ್ಟಿನ ಒಳಭಾಗಕ್ಕೆ ಒಂದು ಹನಿ ಬಿಟ್ಟು ನೋಡಿ ಕುಡಿಸಿ. ಮಗು ಕುಡಿಯಲು ಶುರುಮಾಡಿ ಒಂದು ತಾಸು ದಾಟಿದರೆ ಉಳಿದದ್ದನ್ನು ಚೆಲ್ಲಿಬಿಡಿ.

ಆರು ತಿಂಗಳು ದಾಟಿದವರಿಗೆ ರಾಗಿ ಸರಿಯಷ್ಟು ನಂಬಿಕಸ್ಥ ಪ್ರಯಾಣದ ಊಟ ಇನ್ನೊಂದಿಲ್ಲ. ಆದರೆ ಮನೆಯಲ್ಲಿ ಮಾಡುವ ಹದದಲ್ಲೇ ಮಾಡಿ ಫ್ಲಾಸ್ಕಿಗೆ ಹಾಕಿದರೆ ಎರಡು ತಾಸಿನಲ್ಲಿ ಮುದ್ದೆಯಾಗಿ ತಳ ಹಿಡಿದಿರುತ್ತದೆ, ಏಕೆಂದರೆ ರಾಗಿ ಆರುತ್ತಾ ಗಟ್ಟಿಯಾಗುತ್ತದೆ. ಒಂದು ಊಟದ ಚಮಚ ಸರಿ ಹಿಟ್ಟನ್ನು ಮೊದಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಒಟ್ಟು 200 ಮಿಲಿಲೀಟರ್ ಆಗುವಷ್ಟು ನೀರು ಸೇರಿಸಿ, ಕೈ ಬಿಡದೆ ಆರೇಳು ನಿಮಿಷ ಕುದಿಸಿ. ಒಲೆಯ ಮೇಲಿರುವಾಗ ಅದು ಸಾರಿನಂತೆ ತೆಳ್ಳಗೆ ಕಾಣಬೇಕು. ಅಗಲ ಬಾಯಿಯ ಫ್ಲಾಸ್ಕಿಗೆ ಕುದಿಯುವ ನೀರು ತುಂಬಿ ಐದು ನಿಮಿಷ ಬಿಟ್ಟು ಚೆಲ್ಲಿ, ಆಮೇಲೆ ಬಿಸಿ ಸರಿ ಸುರಿದು ಮುಚ್ಚಿ. ಹನ್ನೊಂದು ಗಂಟೆಗೆ ತೆರೆದಾಗ ಚಮಚದಿಂದ ನಿಧಾನ ಜಾರುವ ಹದಕ್ಕೆ ಬಂದಿರುತ್ತದೆ. ಸಿಹಿ ಬೇಕಿದ್ದರೆ ಮಾಗಿದ ಏಲಕ್ಕಿ ಬಾಳೆಹಣ್ಣನ್ನು ಅಲ್ಲೇ ಕಿವುಚಿ ಹಾಕಿ. ಒಂದು ವರ್ಷದೊಳಗಿನವರಿಗೆ ಜೇನು ಬೇಡವೇ ಬೇಡ.

ಮೊಸರನ್ನ ಒಯ್ಯುವವರು ಎರಡು ತಾಸಿನೊಳಗೆ ತಿನ್ನಿಸಿ ಮುಗಿಸಿ, ಏಪ್ರಿಲ್ ಬಿಸಿಲಿನಲ್ಲಿ ಒಂದೇ ತಾಸು. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಿ ಡಬ್ಬಿಗೆ ಹಾಕಿ. ಹೊರಗೆ ಮಾರುವ ಚುರುಮುರಿ, ಹುರಿದ ಕಡಲೆಕಾಯಿ ದೊಡ್ಡವರ ಪಾಲಿಗಿರಲಿ. ಇಡೀ ಕಡಲೆಬೀಜ ನಾಲ್ಕು ವರ್ಷದೊಳಗಿನವರ ಉಸಿರುನಾಳಕ್ಕೆ ಹೋದರೆ ಆಸ್ಪತ್ರೆಯಲ್ಲಿ ನಳಿಗೆ ಇಳಿಸಿ ತೆಗೆಯಬೇಕಾದೀತು. ಗ್ಯಾಲರಿಯೊಳಗೆ ತಿನ್ನಿಸುವುದು ಬೇಡ.

ಒಳಗೆ: ಮೊದಲು ಮೇಲಕ್ಕೆ, ಆಮೇಲೆ ಕೆಳಕ್ಕೆ

ಬಂದವರೆಲ್ಲ ಮಾಡುವ ತಪ್ಪು ಒಂದೇ: ನೆಲಮಹಡಿಯಿಂದ ಶುರುಮಾಡಿ ಒಂದೊಂದೇ ಮಹಡಿ ಹತ್ತುತ್ತಾ ಹೋಗುವುದು. ಮಕ್ಕಳಿಗಾಗಿ ಇರುವ ವಿಜ್ಞಾನ ವಿಭಾಗ ಮೇಲಿದೆ. ಅಲ್ಲಿಗೆ ತಲುಪುವ ಹೊತ್ತಿಗೆ ಪುಟಾಣಿಯ ಕಾಲು, ತಾಳ್ಮೆ ಎರಡೂ ಮುಗಿದಿರುತ್ತವೆ. ಲಿಫ್ಟ್ ಕೇಳಿ ನೇರ ಮೇಲೆ ಹೋಗಿ. ಮೊದಲ ನಲವತ್ತು ನಿಮಿಷ ಮಗುವಿನ ಕಣ್ಣು, ಕೈ ಚುರುಕಾಗಿರುವ ಸಮಯ, ಅದನ್ನು ಮುಟ್ಟಿ ಆಡುವ ವಸ್ತುಗಳಿಗೆ ಕೊಡಿ.

ಯಾವ ವಸ್ತುವಿನ ಮುಂದೆ ನಿಂತರೂ ಮೊದಲು ನೀವು ಮೊಣಕಾಲೂರಿ ಕುಳಿತು ನೋಡಿ. ಒಂದು ವರ್ಷದ ಮಗು ಸುಮಾರು 75 ಸೆಂಟಿಮೀಟರ್ ಎತ್ತರ, ಎರಡು ವರ್ಷಕ್ಕೆ 85ರ ಆಸುಪಾಸು. ಕಣ್ಣಿನ ಮಟ್ಟ ಅದಕ್ಕಿಂತ ಹತ್ತು ಸೆಂಟಿಮೀಟರ್ ಕೆಳಗೆ. ನಿಂತಾಗ ನಿಮಗೆ ಗಾಜಿನೊಳಗಿನ ಸೊಗಸಾದ ಯಂತ್ರ ಕಾಣುತ್ತಿರಬಹುದು, ಮಗುವಿಗೆ ಕಾಣುವುದು ಮೇಜಿನ ಅಂಚು ಮತ್ತು ಅದರಡಿಯ ಹಲಗೆ. ಅದು ಬೇಸರದಿಂದ ಓಡಿಹೋದರೆ ಆಶ್ಚರ್ಯವೇನಿದೆ? ಕಾಣುವಷ್ಟು ಎತ್ತಿಕೊಳ್ಳಿ, ಇಲ್ಲವೇ ಕೆಳಮಟ್ಟದಲ್ಲಿ ಕಾಣುವ ಬೇರೆಯದನ್ನು ಆಯ್ದುಕೊಳ್ಳಿ.

ಇನ್ನು ಗುಂಡಿಗಳು. ಒಂದೂವರೆ ವರ್ಷದ ಮಗು ಗುಂಡಿ ಒತ್ತುವುದನ್ನು ಹತ್ತಿರದಿಂದ ಗಮನಿಸಿ. ಅಂಗೈಯಿಂದ ರಪ್ಪನೆ ಬಡಿಯುತ್ತದೆ, ಕಣ್ಣು ಗುಂಡಿಯ ಮೇಲೇ ಇರುತ್ತದೆ. ಎರಡು ಮೀಟರ್ ಆಚೆ ಚಕ್ರ ತಿರುಗಲು ಶುರುವಾದಾಗ ಅದು ಮತ್ತೆ ಗುಂಡಿಯನ್ನೇ ಬಡಿಯುತ್ತಿರುತ್ತದೆ. ತಾನು ಬಡಿದದ್ದರಿಂದ ಅಲ್ಲಿ ತಿರುಗಿತು ಎಂಬ ನಂಟು ಅದಕ್ಕೆ ಸಿಕ್ಕಿಲ್ಲ. ಫಲ ದೂರದಲ್ಲಿದ್ದಷ್ಟೂ, ತಡವಾದಷ್ಟೂ ಆ ನಂಟು ಕಳಚುತ್ತದೆ. ಇದಕ್ಕೆ ಇಬ್ಬರು ಬೇಕು. ಒಬ್ಬರು ಗುಂಡಿ ಒತ್ತಲಿ, ಇನ್ನೊಬ್ಬರು ಮಗುವನ್ನು ಎತ್ತಿಕೊಂಡು ಚಕ್ರದ ಮುಂದೆ ನಿಲ್ಲಲಿ. "ಈಗ ಅಪ್ಪ ಒತ್ತುತ್ತಾರೆ ನೋಡು... ಒತ್ತಿದರು... ಹಾ, ತಿರುಗಿತು!" ಎಂದು ಹೇಳಿ. ಎರಡು ಮೂರು ಸಲ ಆದ ಮೇಲೆ ಸ್ಥಾನ ಬದಲಿಸಿ, ಮಗುವೇ ಒತ್ತಲಿ, ನೀವು ಚಕ್ರದ ಬಳಿ ನಿಂತು ಕರೆಯಿರಿ. ಮಗು ಒತ್ತಿ ತಾನಾಗಿ ತಲೆಯೆತ್ತಿ ಆ ಕಡೆ ನೋಡುವ ಒಂದು ಕ್ಷಣ ಬರುತ್ತದೆ. ಅದಕ್ಕಾಗಿ ಕಾಯಿರಿ, ಅವಸರಪಡಿಸಬೇಡಿ. ಇಡೀ ಭೇಟಿಯಲ್ಲಿ ಅದೊಂದೇ ಆದರೂ ಸಾಕು. ಒಬ್ಬರೇ ಬಂದಿದ್ದರೆ ಗುಂಡಿಯ ಪಕ್ಕದಲ್ಲೇ ದೀಪ ಹೊತ್ತುವ, ಕೈಯಲ್ಲೇ ತಿರುಗಿಸುವ ಹಿಡಿಕೆಯಿರುವ ವಸ್ತು ಆರಿಸಿಕೊಳ್ಳಿ. ಹಿಡಿಕೆ ತಿರುಗಿದರೆ ಯಂತ್ರ ತಿರುಗುತ್ತದೆ, ನಿಂತರೆ ನಿಲ್ಲುತ್ತದೆ, ನಂಟು ಕೈಗೇ ಗೊತ್ತಾಗುತ್ತದೆ.

ಮೋಜಿನ ವಿಜ್ಞಾನ ವಿಭಾಗದಲ್ಲಿ ಕನ್ನಡಿ ಸಿಕ್ಕರೆ ಅಲ್ಲಿ ನಿಲ್ಲಿ. ಎಂಟು ತಿಂಗಳ ಕೂಸು ಕನ್ನಡಿಯೊಳಗಿನ ಮಗುವನ್ನು ಕಂಡು ನಗುತ್ತದೆ, ಅದು ತಾನೇ ಎಂದು ಅದಕ್ಕೆ ತಿಳಿದಿರುವುದಿಲ್ಲ. ತನ್ನನ್ನು ತಾನು ಗುರುತಿಸುವುದು ಒಂದೂವರೆಯಿಂದ ಎರಡು ವರ್ಷದ ನಡುವೆ. ಹಣೆಗೆ ಒಂದು ಕುಂಕುಮದ ಬೊಟ್ಟಿಟ್ಟು ನೋಡಿ: ಕನ್ನಡಿಯನ್ನು ಮುಟ್ಟಿದರೆ ಇನ್ನೂ ಗುರುತು ಹತ್ತಿಲ್ಲ, ತನ್ನ ಹಣೆಯನ್ನು ಮುಟ್ಟಿಕೊಂಡರೆ ಹತ್ತಿದೆ. ಮುಖ ಉದ್ದ, ಅಡ್ಡ ಮಾಡಿ ತೋರಿಸುವ ಬಾಗುಗನ್ನಡಿ ಮಾತ್ರ ಎರಡು ವರ್ಷ ಕಳೆದವರಿಗೆ ಸರಿ. ಅದಕ್ಕಿಂತ ಚಿಕ್ಕವರಲ್ಲಿ ಕೆಲವರು ಅಮ್ಮನ ಮುಖ ಸೊಟ್ಟಗಾದದ್ದು ಕಂಡು ಅಳುತ್ತಾರೆ.

ಮೇಲೆ ನಲವತ್ತು ನಿಮಿಷ ಆಯಿತು ಅನ್ನಿ. ಈಗ ಕೆಳಗೆ ಬಂದು ಎಂಜಿನ್ ಹಾಲ್. ಇಲ್ಲಿ ಮುಟ್ಟುವುದು ಕಡಿಮೆ, ನೋಡುವುದು ಹೆಚ್ಚು, ಆದ್ದರಿಂದ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಳ್ಳಿ. ಹೆಸರು, ಇಸವಿ, ಅಶ್ವಶಕ್ತಿ ಬಿಡಿ. ಆ ವಯಸ್ಸಿಗೆ ಬೇಕಾದ ಮಾತು "ದೊಡ್ಡದು", "ತಣ್ಣಗಿದೆ", "ಗುಂಡಗೆ", "ಮೇಲೆ, ಕೆಳಗೆ, ಮೇಲೆ, ಕೆಳಗೆ". ಪಿಸ್ಟನ್ ಚಲನೆ ಕಂಡಲ್ಲಿ ನಿಮ್ಮ ಮುಷ್ಟಿಯನ್ನೂ ಅದೇ ಲಯದಲ್ಲಿ ಆಡಿಸಿ, ಮಗು ತನ್ನ ಕೈ ಆಡಿಸುತ್ತದೆ. ಮನೆಯಲ್ಲಿ ಯಾವ ಭಾಷೆ ಆಡುತ್ತೀರೋ ಅದರಲ್ಲೇ ಹೇಳಿ. ತಿರುಗು, ಉರುಳು, ಜಾರು, ಕುಟ್ಟು ಎಂಬ ಕನ್ನಡದ ಕ್ರಿಯಾಪದಗಳನ್ನು ಕಣ್ಣೆದುರಿನ ಚಲನೆಗೆ ಜೋಡಿಸಲು ಇಷ್ಟು ಒಳ್ಳೆಯ ಜಾಗ ನಗರದಲ್ಲಿ ಅಪರೂಪ.

ರೈಟ್ ಸಹೋದರರು 1903ರಲ್ಲಿ ಹಾರಿಸಿದ ವಿಮಾನದ ಪೂರ್ಣ ಗಾತ್ರದ ಪ್ರತಿಕೃತಿ ಇಲ್ಲಿದೆ. ರೆಕ್ಕೆಯ ತುದಿಯಿಂದ ತುದಿಗೆ ನಲವತ್ತು ಅಡಿ. ಎರಡೂವರೆ ವರ್ಷದ ಮಗುವಿಗೆ ಆ ಉದ್ದವನ್ನು ಹೆಜ್ಜೆ ಎಣಿಸಿ ನಡೆಸಿ. ಹೊರಗೆ ಹಿಂದೂಸ್ತಾನ್ ಏರೋನಾಟಿಕ್ಸ್‌ನ ಮಾರುತ್ ಯುದ್ಧವಿಮಾನವೂ ನಿಂತಿದೆ. 1961ರಲ್ಲಿ ಬೆಂಗಳೂರಿನಲ್ಲೇ ಮೊದಲು ಹಾರಿದ ವಿಮಾನದ ಮಾದರಿ ಅದು. ದೊಡ್ಡ ಮಗುವಿಗೆ ಆ ಕಥೆ, ಚಿಕ್ಕದಕ್ಕೆ ಅದರ ಚಕ್ರ.

ಡೈನೋಸಾರ್ ಆವರಣವನ್ನು ಕೊನೆಗೆ ಇಟ್ಟುಕೊಳ್ಳಿ. ಅಲ್ಲಿನ ಸ್ಪೈನೋಸಾರಸ್ ಗೊಂಬೆ ತಲೆ ಆಡಿಸುತ್ತದೆ, ಬಾಯಿ ತೆರೆಯುತ್ತದೆ, ಗರ್ಜಿಸುತ್ತದೆ. ಐದು ವರ್ಷದವರು ಕುಣಿಯುತ್ತಾರೆ, ಎರಡು ವರ್ಷದವರಲ್ಲಿ ಅನೇಕರು ಬೆಚ್ಚಿ ಅಪ್ಪಿಕೊಳ್ಳುತ್ತಾರೆ. ಮೊದಲಿಗೇ ಅಲ್ಲಿ ಹೋಗಿ ಹೆದರಿಸಿಬಿಟ್ಟರೆ ಮಿಕ್ಕ ಎಲ್ಲ ಕೋಣೆಯ ಬಾಗಿಲಲ್ಲೂ ಮಗು "ಬೇಡ" ಎನ್ನುತ್ತದೆ. ಕ್ರಮ ಹೀಗಿರಲಿ. ದೂರದಲ್ಲಿ ನಿಂತು ಸದ್ದು ಮಾತ್ರ ಕೇಳಿಸಿ. "ಅದು ದೊಡ್ಡ ಗೊಂಬೆ, ಒಳಗೆ ಮೋಟಾರ್ ಇದೆ, ಮಿಕ್ಸಿಯಲ್ಲಿ ಇದೆಯಲ್ಲ ಹಾಗೆ" ಎಂದು ಹೇಳಿ. ಆಮೇಲೆ ಮಗುವನ್ನು ಎತ್ತಿಕೊಂಡು, ಅದರ ಎದೆ ನಿಮ್ಮ ಎದೆಗೆ ತಾಗಿರುವಂತೆ, ನಾಲ್ಕು ಹೆಜ್ಜೆ ಹತ್ತಿರ. ಕತ್ತು ಆ ಕಡೆ ತಿರುಗಿಸಿದರೆ ಇನ್ನೂ ನಾಲ್ಕು ಹೆಜ್ಜೆ. ಮುಖ ಮುಚ್ಚಿಕೊಂಡರೆ ಅಲ್ಲಿಂದಲೇ ಹಿಂದಿರುಗಿ. ಫೋಟೊಗಾಗಿ ಅದರ ಮುಂದೆ ಕೆಳಗಿಳಿಸುವುದು, "ಹಠ ಮಾಡಿದರೆ ಅದಕ್ಕೆ ಕೊಡ್ತೀನಿ" ಎನ್ನುವುದು ದಯವಿಟ್ಟು ಬೇಡ. ಆ ಒಂದು ಮಾತು ವಾರಗಟ್ಟಲೆ ರಾತ್ರಿ ನಿದ್ದೆ ಕೆಡಿಸಬಲ್ಲದು.

ಮೂರು ಆಯಾಮದ ಪ್ರದರ್ಶನವನ್ನು ಈ ವಯಸ್ಸಿನವರಿಗೆ ಬಿಟ್ಟುಬಿಡಿ. ಕತ್ತಲೆ, ಜೋರು ಸದ್ದು, ಮೂಗಿನಿಂದ ಜಾರುವ ಕನ್ನಡಕ. ವಿದ್ಯುತ್ ಕಿಡಿ ಹಾರಿಸುವ ಪ್ರಾತ್ಯಕ್ಷಿಕೆ ನಡೆಯುತ್ತಿದ್ದರೆ ದೊಡ್ಡ ಮಗುವಿನ ಜೊತೆ ಒಬ್ಬರು ಒಳಗಿರಲಿ, ಇನ್ನೊಬ್ಬರು ಕೂಸಿನೊಂದಿಗೆ ಹೊರಗಿರಲಿ.

ರಂಪ ಶುರುವಾಗುವ ಮೊದಲು

ಕಣ್ಣುಜ್ಜುವುದು, ಕಿವಿ ಎಳೆದುಕೊಳ್ಳುವುದು, ನೀವು ತೋರಿಸಿದ ಕಡೆಯಿಂದ ಮುಖ ತಿರುಗಿಸುವುದು, ಕಾರಣವಿಲ್ಲದೆ ಬೀಳುವುದು ಕೂಸು ದಣಿದಿದೆ ಎನ್ನುವುದರ ಗುರುತು. ಇವುಗಳಲ್ಲಿ ಎರಡು ಒಟ್ಟಿಗೆ ಕಂಡರೆ ಉಳಿದದ್ದನ್ನು ಬಿಟ್ಟು ಹೊರಡಿ. "ಇನ್ನೊಂದೇ ಗ್ಯಾಲರಿ" ಎನ್ನುವಲ್ಲಿಯೇ ಎಲ್ಲ ಕೆಡುವುದು.

ಆಟದ ನಡುವೆ ಎರಡು ವರ್ಷದ ಮಗುವನ್ನು ಎತ್ತಿಕೊಂಡು ಹೊರಟರೆ ಅಳುವುದು ಸಹಜ. "ಐದು ನಿಮಿಷ" ಎನ್ನುವುದು ಅದಕ್ಕೆ ಅರ್ಥವಾಗದು. "ಇನ್ನು ಮೂರು ಸಲ ಒತ್ತು" ಎನ್ನಿ, ಬೆರಳು ಮಡಚುತ್ತಾ ಎಣಿಸಿ, ಮೂರನೆಯದಾದ ಮೇಲೆ ಗುಂಡಿಗೆ ಟಾಟಾ ಹೇಳಿಸಿ. ಮುಂದೆ ಏನಿದೆ ಎನ್ನುವುದೂ ಕಣ್ಣಿಗೆ ಕಾಣುವಂಥದ್ದಿರಬೇಕು: "ಈಗ ಹುಲ್ಲಿನ ಮೇಲೆ ಬಾಳೆಹಣ್ಣು". ಇಷ್ಟಾದರೂ ಅತ್ತರೆ ಗದರದೆ ಎತ್ತಿಕೊಂಡು ಹೊರನಡೆಯಿರಿ. ಸುತ್ತಲಿನವರು ನೋಡುತ್ತಾರೆ ಎಂಬ ಚಿಂತೆ ಬೇಡ, ಅವರಲ್ಲೂ ಹೆಚ್ಚಿನವರು ಮಕ್ಕಳನ್ನು ಎತ್ತಿಕೊಂಡವರೇ.

ಕೊಳೆ, ಕಾಯಿಲೆ, ಅಪಾಯ

ಸಾವಿರ ಕೈ ಮುಟ್ಟಿದ ಹಿಡಿಕೆಯನ್ನು ಮಗು ಮುಟ್ಟದಂತೆ ತಡೆಯಲಾಗದು, ತಡೆಯಲೂಬಾರದು. ಕೈ ಬಾಯಿಗೆ ಹೋಗುವ ಮುನ್ನ ತೊಳೆಯಿರಿ. ಸೋಪು ನೀರಿನಲ್ಲಿ ಇಪ್ಪತ್ತು ಸೆಕೆಂಡ್. ಸ್ಯಾನಿಟೈಸರ್ ಹಚ್ಚಿದರೆ ಪೂರ್ತಿ ಒಣಗುವವರೆಗೆ ಮಗುವಿನ ಕೈ ನೀವೇ ಹಿಡಿದಿರಿ. ಹಿಂದಿನ 24 ತಾಸಿನಲ್ಲಿ ಜ್ವರ, 48 ತಾಸಿನಲ್ಲಿ ವಾಂತಿ ಭೇದಿ ಆಗಿದ್ದರೆ ಹೋಗಬೇಡಿ. ಕೈ, ಕಾಲು, ಬಾಯಿ ಗುಳ್ಳೆಯ ಕಾಯಿಲೆ ಮಳೆಗಾಲದಲ್ಲಿ ಆಟದ ಶಾಲೆಗಳಲ್ಲಿ ಹರಡುತ್ತಿರುವಾಗ ಇನ್ನೊಬ್ಬರ ಮಗುವಿನ ಬಗ್ಗೆಯೂ ಯೋಚಿಸಿ. ದಡಾರದ ಮೊದಲ ಲಸಿಕೆ ಬೀಳುವುದು ಒಂಬತ್ತು ತಿಂಗಳು ತುಂಬಿದ ಮೇಲೆ. ಊರಿನಲ್ಲಿ ದಡಾರ ಕಾಣಿಸಿಕೊಂಡಿದ್ದರೆ ಅದಕ್ಕಿಂತ ಚಿಕ್ಕ ಕೂಸನ್ನು ಗುಂಪಿನೊಳಗೆ ಒಯ್ಯಬೇಡಿ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಅದೇ ದಿನ ವೈದ್ಯರು ನೋಡಬೇಕು.

ಕಬ್ಬನ್ ಪಾರ್ಕ್ ಸುತ್ತ ಮಿನುಗುವ ಆಟಿಕೆ, ಬಲೂನು ಮಾರುವವರಿರುತ್ತಾರೆ. ಅಗ್ಗದ ಮಿನುಗು ಆಟಿಕೆಯೊಳಗೆ ಗುಂಡಿಯಂಥ ಬ್ಯಾಟರಿ ಇರುತ್ತದೆ, ಅದರ ಮುಚ್ಚಳಕ್ಕೆ ಸ್ಕ್ರೂ ಇರುವುದಿಲ್ಲ. ನುಂಗಿದ ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ತಾಸಿನಲ್ಲೇ ಸುಟ್ಟ ಗಾಯ ಮಾಡುತ್ತದೆ. ನುಂಗಿದ ಅನುಮಾನ ಬಂದ ಕೂಡಲೇ, ಮಗು ಚೆನ್ನಾಗಿ ಕಂಡರೂ, ಎಕ್ಸ್-ರೇ ಇರುವ ಆಸ್ಪತ್ರೆಗೆ ಹೋಗಿ, ವಾಂತಿ ಮಾಡಿಸಬೇಡಿ. ಒಡೆದ ಬಲೂನಿನ ಚೂರು ಗಂಟಲಿಗೆ ಅಂಟಿಕೊಂಡರೆ ತೆಗೆಯುವುದು ಬಲು ಕಷ್ಟ. ಎರಡನ್ನೂ ಕೊಡಿಸಬೇಡಿ.

ನಡೆಯುವ ಮಗುವಿನ ಮುಂಗೈ ಮೇಲೆ ನಿಮ್ಮ ಫೋನ್ ನಂಬರನ್ನು ಬಾಲ್‌ಪೆನ್ನಿನಿಂದ ಬರೆದು ಮೇಲೆ ಪಾರದರ್ಶಕ ಟೇಪು ಅಂಟಿಸಿ. ಹೊರಡುವ ಮುನ್ನ ಅಂದಿನ ಬಟ್ಟೆಯಲ್ಲಿ ಒಂದು ಫೋಟೊ ತೆಗೆದುಕೊಳ್ಳಿ, ಗಾಬರಿಯಲ್ಲಿ ಅಂಗಿಯ ಬಣ್ಣ ನೆನಪಾಗುವುದಿಲ್ಲ. ಮಗು ಕಾಣದಾದರೆ ಒಬ್ಬರು ಓಡಿ ಹೊರಬಾಗಿಲಲ್ಲಿ ನಿಲ್ಲಿ, ಇನ್ನೊಬ್ಬರು ಭದ್ರತಾ ಸಿಬ್ಬಂದಿಗೆ ಹೇಳಿ ಕೊನೆಯ ಸಲ ಕಂಡ ಜಾಗದಿಂದ ಹುಡುಕಿ. ತುರ್ತು ಸಂಖ್ಯೆ 112, ಮಕ್ಕಳ ಸಹಾಯವಾಣಿ 1098.

ಬೇರೆ ಊರುಗಳಲ್ಲಿ

ಮೈಸೂರಿನವರಿಗೆ 1979ರಲ್ಲಿ ಶುರುವಾದ ರೈಲ್ವೆ ಮ್ಯೂಸಿಯಂ ಇದೆ. ಮೂರು ವರ್ಷದೊಳಗಿನವರಿಗೆ ಬೆಂಗಳೂರಿಗಿಂತ ಅದೇ ಒಂದು ಕೈ ಮೇಲು ಎನ್ನಬೇಕು. ಬಯಲಿನಲ್ಲಿ ಹತ್ತಿ ಇಳಿಯುವ ಎಂಜಿನ್‌ಗಳು, ಪುಟ್ಟ ರೈಲಿನ ಸವಾರಿ, ಗದ್ದಲ ಕಡಿಮೆ. ಬೇಸಿಗೆಯಲ್ಲಿ ಕಬ್ಬಿಣ ಕಾದಿರುತ್ತದೆ, ನಿಮ್ಮ ಅಂಗೈ ಇಟ್ಟು ನೋಡಿ ಆಮೇಲೆ ಮಗುವನ್ನು ಹತ್ತಿಸಿ. ಮಂಗಳೂರಿನ ಪಿಲಿಕುಳ, ಧಾರವಾಡ ಮತ್ತು ಕಲಬುರಗಿಯ ವಿಜ್ಞಾನ ಕೇಂದ್ರಗಳಿಗೆ ಮೇಲಿನ ಕ್ರಮವೇ ಹೊಂದುತ್ತದೆ.

ಅಮೆರಿಕದಲ್ಲಿರುವ ಕನ್ನಡಿಗರ ಸಂಗತಿ ಬೇರೆ. 1899ರಲ್ಲಿ ಬ್ರೂಕ್ಲಿನ್‌ನಲ್ಲಿ ಮಕ್ಕಳಿಗೆಂದೇ ಮ್ಯೂಸಿಯಂ ತೆರೆದ ಆ ದೇಶದಲ್ಲಿ ಕೂಸುಗಳಿಗೆ ಪ್ರತ್ಯೇಕ ಕೋಣೆಗಳಿವೆ. ಕನ್ನಡ ಕುಟುಂಬಗಳು ಬಹಳಷ್ಟಿರುವ ಸ್ಯಾನ್ ಹೋಸೆಯಲ್ಲಿ 1990ರಲ್ಲಿ ತೆರೆದ ನೇರಳೆ ಬಣ್ಣದ ಮಕ್ಕಳ ಮ್ಯೂಸಿಯಂ ಅಂಥದ್ದೊಂದು. ಅಂಥ ಕಡೆ ಅಂಬೆಗಾಲಿಗೆ ಅವಕಾಶ ಉಂಟು, ಆದರೆ ಶೂ ಬಿಚ್ಚಿಸುತ್ತಾರೆ, ಅಡಿಭಾಗದಲ್ಲಿ ರಬ್ಬರ್ ಚುಕ್ಕಿಯಿರುವ ಸಾಕ್ಸ್ ಒಯ್ಯಿರಿ. ನೀರಾಟದ ಮೇಜುಗಳಿರುವಲ್ಲಿ ಮೊಣಕೈವರೆಗೆ ತೋಳು ಮಡಚಿ, ನೀರಾಟವನ್ನು ಭೇಟಿಯ ಕೊನೆಗಿಟ್ಟುಕೊಳ್ಳಿ. ಒದ್ದೆ ಅಂಗಿಯನ್ನು ಅಲ್ಲೇ ಬದಲಿಸಿ, ತಲೆ ಒರೆಸಿ, ಜಾಕೆಟ್ ತೊಡಿಸಿ, ಆಮೇಲೆ ಚಳಿಗೆ ಹೊರಗೆ ಕಾಲಿಡಿ. ಕಾರಿನ ಸೀಟಿಗೆ ಕಟ್ಟುವಾಗ ಆ ದಪ್ಪ ಜಾಕೆಟ್ ಮತ್ತೆ ತೆಗೆಯಬೇಕು, ಅದರ ಮೇಲೆ ಬಿಗಿದ ಪಟ್ಟಿ ಸಡಿಲವೇ ಉಳಿಯುತ್ತದೆ.